ಸೊಸೆಯ ಕೈಕೆಳಗೆ

ಸರ್ಕಾರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಇಸ್ತ್ರಿ ಮೇಜಿನ ಮುಂದೆ ನಿಂತ ಮನುಷ್ಯ. ಅವನು ಮಡಚಿದ ಬೆಡ್‌ಶೀಟಿನ ಗೆರೆ ಎಂದರೆ ಗೆರೆ. ಬೇಕಾದವರು ಅಳತೆಪಟ್ಟಿ ಇಟ್ಟು ನೋಡಿಕೊಳ್ಳಬಹುದಿತ್ತು. ಮೇಜಿನ ಮೇಲೆ ಬಂದ ಪ್ರತಿಯೊಂದು ಬಟ್ಟೆಯನ್ನೂ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ, ಹಸಿ ಆರಿದೆಯೋ ಇಲ್ಲವೋ ಎಂದು ನೋಡಿಯೇ ಇಸ್ತ್ರಿಗೆ ಕೈ ಹಾಕುತ್ತಿದ್ದ. "ಇದರ ಮೇಲೆ ಮಲಗೋರು ನೋವಲ್ಲಿ ಮಲಗೋರು ಕಣ್ರಪ್ಪ. ಕರ್ತನೇ ಬಂದು ಮಲಗ್ತಾನೆ ಅಂದ್ಕೊಂಡು ಮಡಚಿ" ಎಂದು ಹೊಸಬರಿಗೆ ಹೇಳುವುದು ಅವನ ವಾಡಿಕೆ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವನೂ ಅವನೇ ಆದ್ದರಿಂದ, ಸೋಮವಾರ ದೊಡ್ಡವರಿಗೂ ಅದರ ತುಂಡು ತಾಗುತ್ತಿತ್ತು.

ಲಾಂಡ್ರಿಯ ಮೇಲ್ವಿಚಾರಕರು ನಿವೃತ್ತರಾದಾಗ ಆ ಜಾಗ ಗೆರೆಯಣ್ಣನಿಗೇ ಎಂದು ಊರಿಗೆ ಊರೇ ನಿಶ್ಚಯ ಮಾಡಿಬಿಟ್ಟಿತ್ತು. ಬೇಡ ಬೇಡ ಅನ್ನುತ್ತಲೇ ಅವನೂ ನಿಶ್ಚಯ ಮಾಡಿಕೊಂಡಿದ್ದ. ಸೋಮವಾರ ಬೆಳಿಗ್ಗೆ ಹೆಂಡತಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಅಂಗಿಯನ್ನೇ ಕೊಟ್ಟು ಕಳಿಸಿದಳು. ಆಡಳಿತಾಧಿಕಾರಿಗಳು ಎಲ್ಲರನ್ನೂ ಒಗೆಯುವ ಯಂತ್ರಗಳ ಮುಂದೆ ನಿಲ್ಲಿಸಿ ಕಾಗದ ಬಿಡಿಸಿ ಓದಿದರು. ಓದಿದ್ದು ಅವನ ಸೊಸೆಯ ಹೆಸರು.

ಸೊಸೆಯನ್ನು ಆರು ವರ್ಷದ ಹಿಂದೆ ಅಲ್ಲಿಗೆ ಸೇರಿಸಿದವನು ಅವನೇ. ವಾರ್ಡುಗಳಿಂದ ಬರುವ ಬಟ್ಟೆ ವಿಂಗಡಿಸಿ ಪಟ್ಟಿ ಬರೆಯುವ ಕೆಲಸ. ಅವಳು ಪಟ್ಟಿ ಬರೆಯುತ್ತಲೇ ಸಂಜೆ ಹೊತ್ತು ಓದಿದಳು, ಯಾವ ಯಂತ್ರಕ್ಕೆ ಎಷ್ಟು ಬಿಸಿ, ಯಾವ ಕಲೆಗೆ ಯಾವ ಸೋಪು ಎಂದು ಕಲಿತಳು, ಪರೀಕ್ಷೆ ಪಾಸಾದಳು. ಪಾಸಾದಾಗ ಮನೆಯಲ್ಲಿ ಸಿಹಿ ಹಂಚಿದವನೂ ಗೆರೆಯಣ್ಣನೇ. ಅದು ಹೀಗೆ ತಿರುಗುತ್ತದೆ ಎಂದು ಯಾರು ಕಂಡಿದ್ದರು?

ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ. ಅಂಗಿ ಮಾತ್ರ ಕತ್ತಿನ ಹತ್ತಿರ ಬಿಗಿಯುತ್ತಿತ್ತು.

ಆ ಸಂಜೆ ಮನೆಯವರೆಲ್ಲ ಊಟಕ್ಕೆ ಕೂತರು. ಶಾಲೆಯ ವ್ಯಾನು ಓಡಿಸುವ ಮಗ, ಎಂಟು ವರ್ಷದ ಮೊಮ್ಮಗಳು ಪುಟ್ಟಿ, ಮಂಡಿ ನೋವಿನ ಹೆಂಡತಿ. ಸೊಸೆ ಎಂದಿನಂತೆ ಬಡಿಸುತ್ತಿದ್ದಳು.

"ಮಾವ, ಇನ್ನೊಂಚೂರು ಬೇಳೆ ಹಾಕ್ಲಾ?"

"ಹಾಕಿ ಮೇಡಂ."

ಸೌಟು ಗಾಳಿಯಲ್ಲೇ ನಿಂತಿತು.

"ಏನ್ರೀ ಇದು?" ಎಂದಳು ಹೆಂಡತಿ.

"ನಾನೇನಂದೆ ಈಗ? ಮೇಲಧಿಕಾರಿಗೆ ಮರ್ಯಾದೆ ಕೊಡಬಾರದಾ?"

"ಮರ್ಯಾದೆ ಕೊಡೋ ಮುಖ ಹಾಗಿರುತ್ತಾ? ಹಾಗಲಕಾಯಿ ಕಚ್ಚಿದ ಹಾಗಿದೆ."

ಪುಟ್ಟಿಗೆ ಮಾತ್ರ ಖುಷಿಯೋ ಖುಷಿ. "ಅಮ್ಮಾ, ನೀನು ಮೇಡಮ್ಮಾ? ಹಾಗಾದ್ರೆ ತಾತನಿಗೆ ಹೋಂವರ್ಕ್ ಕೊಡ್ತೀಯಾ?"

ಮಗನಿಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ಅವನ ಬೆನ್ನು ತಟ್ಟುವ ಗಲಾಟೆಯಲ್ಲಿ ಮಾತು ಅಲ್ಲಿಗೇ ನಿಂತಿತು. ಸೊಸೆ ಮಾವನ ತಟ್ಟೆಗೆ ಬೇಳೆ ಹಾಕಿ ಮುಂದೆ ಹೋದಳು.

ಮರುವಾರದಿಂದ ಮನೆಯ ಗಡಿಯಾರವೇ ಬದಲಾಯಿತು. ಮೇಲ್ವಿಚಾರಕಿ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಯಬೇಕು, ಆದ್ದರಿಂದ ಸೊಸೆ ಐದೂವರೆಗೇ ಹೊರಟುಬಿಡುತ್ತಿದ್ದಳು. ಅಡುಗೆಮನೆ ಮಗನ ಪಾಲಿಗೆ ಬಂತು.

"ಅಮ್ಮಾ, ಉಪ್ಪು ಎಲ್ಲಿದೆ?"

"ಮೂವತ್ತು ವರ್ಷದಿಂದ ಎಲ್ಲಿದೆಯೋ ಅಲ್ಲೇ ಇದೆ."

"ಅದೇ ಎಲ್ಲಿ?"

"ಸಕ್ಕರೆ ಡಬ್ಬಿ ಪಕ್ಕ. ಹಾಕೋಕೆ ಮುಂಚೆ ನಾಲಿಗೆ ಮೇಲಿಟ್ಟು ನೋಡಪ್ಪ. ನಿನ್ನೆ ಮಗು ಸಿಹಿ ಮೊಟ್ಟೆ ತಿಂದ್ಕೊಂಡು ಸ್ಕೂಲಿಗೆ ಹೋಯ್ತು."

"ಚೆನ್ನಾಗಿತ್ತಜ್ಜಿ," ಎಂದು ಪುಟ್ಟಿ ಅಪ್ಪನ ಪರ ವಹಿಸಿದಳು.

ತಟ್ಟೆ ಪಾತ್ರೆಗಳು ತೊಟ್ಟಿಯಲ್ಲಿ ಬೆಟ್ಟದಂತೆ ಬೆಳೆಯುತ್ತಿದ್ದವು. ಒಂದು ಸಂಜೆ ಹೆಂಡತಿ ಮಂಡಿ ಹಿಡಿದುಕೊಂಡು ಬಂದು ಗಂಡನ ಮುಂದೆ ನಿಂತಳು.

"ರೀ, ನೀವು ಮೂರು ಗಂಟೆಗೇ ಮನೆಗೆ ಬರ್ತೀರ. ನಾಲ್ಕು ತಟ್ಟೆ ತೊಳೆದಿಟ್ರೆ ಕೈ ಸವೆಯುತ್ತಾ?"

"ದಿನಾ ಐನೂರು ಬೆಡ್‌ಶೀಟು ನೋಡಿ ಬಂದಿರ್ತೀನಿ ಕಣೇ. ಮನೇಲಿ ತಟ್ಟೆನೂ ತೊಳೀಬೇಕಾ?"

"ಬೆಡ್‌ಶೀಟಲ್ಲಿ ಊಟ ಮಾಡೋಕಾಗುತ್ತಾ?"

ಉತ್ತರವಿಲ್ಲದ ಕಡೆ ಗಂಡಸರು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ: ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ.

ಲಾಂಡ್ರಿಯಲ್ಲಿ ಅವನು ಯಾರ ಜೊತೆಗೂ ಜಗಳ ಆಡಲಿಲ್ಲ, ಒಂದು ದಿನವೂ ತಡವಾಗಿ ಹೋಗಲಿಲ್ಲ. ಬರೀ ಹೇಳಿದಷ್ಟೇ ಮಾಡತೊಡಗಿದ. ಬಟ್ಟೆ ಬಂತು, ಇಸ್ತ್ರಿ ಎಳೆದ, ಮಡಚಿದ, ಪಕ್ಕಕ್ಕೆ ತಳ್ಳಿದ. ಮೂರು ಗಂಟೆಯ ಗಂಟೆ ಹೊಡೆಯುವುದೇ ತಡ, ಅರ್ಧ ಮಡಚಿದ್ದನ್ನೂ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದ. ಪಕ್ಕದ ಮೇಜಿನವಳು ರೋಗಿಗಳ ಅಂಗಿಗೆ ಗುಂಡಿ ಹಚ್ಚುವ ಹೆಂಗಸು. ಅವಳನ್ನು ಎಲ್ಲರೂ ಗುಂಡಿ ಅಕ್ಕ ಎನ್ನುತ್ತಿದ್ದರು. ಒಂದು ದಿನ ಅವಳು ಕೇಳಿದಳು:

"ಗೆರೆಯಣ್ಣ, ಹಸಿ ಮುಟ್ಟಿ ನೋಡಲಿಲ್ವಲ್ಲ ಇದನ್ನ?"

"ಅದನ್ನೆಲ್ಲ ನೋಡೋದಕ್ಕೆ ಮೇಲಿನೋರು ಇದಾರಮ್ಮ. ನಮಗ್ಯಾಕೆ?"

ಗುಂಡಿ ಅಕ್ಕ ಅವನ ಮುಖ ನೋಡಿದಳು. ಅವನೇ ಹಾಗೆಂದ ಮೇಲೆ ತನಗೇನು ಎಂದುಕೊಂಡಳೋ ಏನೋ, ಮಾರನೆಯ ದಿನದಿಂದ ಅವಳ ಗುಂಡಿಗಳಿಗೂ ನಾಲ್ಕರ ಬದಲು ಎರಡೇ ಸುತ್ತು ದಾರ. ಅವಳನ್ನು ನೋಡಿ ಆಚೆ ಮೇಜಿನವರು. ಒಳ್ಳೆಯವನು ಕೈ ಸಡಿಲ ಬಿಟ್ಟರೆ ಹತ್ತು ಜನರ ಕೈ ಸಡಿಲವಾಗುತ್ತದೆ.

ಆ ಭಾನುವಾರ ಮಕ್ಕಳಿಗೆ ಹೇಳಬೇಕಾಗಿದ್ದ ಪಾಠ, ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು. ಗೆರೆಯಣ್ಣನಿಗೆ ಅದು ಬಾಯಿಪಾಠ. ನೀರು, ಬೋಗುಣಿ, ಧೂಳಿನ ಕಾಲು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ, "ಯಾರು ದೊಡ್ಡವರು ಅಂತ ಶಿಷ್ಯರು ಜಗಳ ಆಡ್ತಿದ್ರು. ಸ್ವಾಮಿ ಏನೂ ಮಾತಾಡದೆ ಕೆಳಗೆ ಕೂತರು" ಎಂದ.

ಪುಟ್ಟಿ ಕೈ ಎತ್ತಿದಳು. "ತಾತಾ, ಹನ್ನೆರಡು ಜನದ ಕಾಲು ಒರೆಸಿದ್ರೆ ಟವೆಲ್ ತುಂಬಾ ಕೊಳೆಯಾಗಿರುತ್ತಲ್ಲಾ?"

"ಆಗಿರುತ್ತೆ ಪುಟ್ಟಿ."

"ಆಮೇಲೆ ಆ ಟವೆಲ್ ಯಾರು ಒಗೆದ್ರು?"

ಇಡೀ ಜೀವಮಾನ ಬಟ್ಟೆಯ ನಡುವೆ ಕಳೆದವನಿಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. "ಅವರೇ ಒಗೆದಿರ್ತಾರೆ" ಎಂದ. "ಬರೆದಿದೆಯಾ?" ಎಂದಳು. "ಬರೆದಿಲ್ಲ. ಮುಂದಿನ ಪಾಠಕ್ಕೆ ಬನ್ನಿ" ಎಂದು ಪುಟ ತಿರುವಿದ. ಕೈ ಮಾತ್ರ ಒಂದರ ಬದಲು ನಾಲ್ಕು ಪುಟ ತಿರುವಿಬಿಟ್ಟಿತ್ತು.

ಮೂರನೆಯ ವಾರ ಹಸುಗೂಸುಗಳ ವಾರ್ಡಿನಿಂದ ಒಂದು ಕಟ್ಟು ಬಟ್ಟೆ ವಾಪಸು ಬಂತು. ಪುಟ್ಟ ಪುಟ್ಟ ಬೆಡ್‌ಶೀಟುಗಳು, ಬಿಚ್ಚಿದರೆ ಗಪ್ಪೆಂದು ಮುಗ್ಗಲು ವಾಸನೆ. ಹಸಿ ಆರದೆ ಮಡಚಿಟ್ಟದ್ದು. ಮಗುವಿನ ಮೈ ಕೆಳಗೆ ಹಾಸುವ ಮೊದಲೇ ನರ್ಸಿನ ಮೂಗಿಗೆ ಬಡಿದದ್ದು ದೇವರ ದಯೆ.

ಆಡಳಿತಾಧಿಕಾರಿಗಳೇ ಆ ಕಟ್ಟು ಹಿಡಿದುಕೊಂಡು ಲಾಂಡ್ರಿಗೆ ಇಳಿದು ಬಂದರು. "ಯಾರ ಮೇಜಿಂದು ಇದು?"

ಯಂತ್ರಗಳು ಗರಗರ ತಿರುಗುತ್ತಿದ್ದವು. ಗೆರೆಯಣ್ಣನಿಗೆ ನೋಡಿದ ಕೂಡಲೇ ಗೊತ್ತಾಯಿತು. ಗೆರೆ ಅಷ್ಟು ನೇರವಾಗಿ ಇನ್ನಾರಿಗೆ ಬೀಳುತ್ತದೆ? ಬಾಯಿ ತೆರೆದ. ಮಾತು ಬರುವ ಮೊದಲೇ ಸೊಸೆ ಮುಂದೆ ಬಂದಳು.

"ನೋಡಿ ಕಳಿಸಬೇಕಾದೋಳು ನಾನು ಸಾರ್. ಜವಾಬ್ದಾರಿ ನಂದು."

"ನಾನು ಕೇಳಿದ್ದು ಯಾರು ಮಡಚಿದ್ದು ಅಂತ."

"ಲಾಂಡ್ರಿ ಮಡಚಿದ್ದು ಸಾರ್. ಲಾಂಡ್ರಿ ನನ್ನ ಕೈಲಿದೆ."

ಸಂಜೆಯೊಳಗೆ ಅವಳ ಹೆಸರಿಗೆ ಎಚ್ಚರಿಕೆ ಪತ್ರ ಬಂತು. ಗೆರೆಯಣ್ಣ ತೆರೆದ ಬಾಯಿಯನ್ನು ಮುಚ್ಚಿದವನು ಮುಚ್ಚಿಯೇ ಇದ್ದ.

ಮನೆಯಲ್ಲಿ ಮಗ ಸಿಡಿದ. "ಆ ಕುರ್ಚಿಗೆ ಬಂದು ಒಂದು ತಿಂಗಳಾಗಿಲ್ಲ, ಆಗಲೇ ಮೆಮೋ! ಯಾರು ಮಾಡಿದ್ದು ಅಂತ ಹೇಳೋಕೇನು ನಿನಗೆ?"

"ಹೇಳಿದ್ರೆ ಬಟ್ಟೆ ಆರುತ್ತಾ?"

"ಊರವರ ಹೊರೆನೆಲ್ಲ ನೀನೇ ಹೊರ್ತೀಯಾ? ಕತ್ತೆನಾ ನೀನು?"

"ಬಟ್ಟೆ ಒಗೆಯೋ ಕಡೆ ಒಂದಾದ್ರೂ ಕತ್ತೆ ಬೇಡ್ವಾ?" ಎಂದು ಅವಳು ನಕ್ಕು, ಮಾವನ ಕಡೆ ತಿರುಗಿ, "ಮಾವ, ಅನ್ನ?" ಎಂದಳು.

"ಸಾಕಮ್ಮ."

"ಏನ್ರೀ, ಇವತ್ತು ಮೇಡಂ ಇಲ್ಲ, ಏನಿಲ್ಲ?" ಎಂದಳು ಹೆಂಡತಿ. ಮೂವತ್ತೈದು ವರ್ಷ ಬಾಳಿದವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಅವನು ಕೈ ತೊಳೆಯಲು ಎದ್ದುಹೋದ.

ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಮೂರು ಗಂಟೆಗೆ ಮನೆಗೆ ಹೊರಟವನು ಅರ್ಧ ದಾರಿಯಲ್ಲಿ ಕನ್ನಡಕ ಮರೆತದ್ದು ನೆನಪಾಗಿ ಹಿಂದೆ ಬಂದ. ಎಲ್ಲರೂ ಹೋಗಿ ಲಾಂಡ್ರಿ ಖಾಲಿಯಾಗಿತ್ತು. ಮೂಲೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ದಢೂತಿ ಮನುಷ್ಯ ಒಬ್ಬನೇ ಚಹಾ ಕುಡಿಯುತ್ತಿದ್ದ. ಗೆರೆಯಣ್ಣನ ಮೇಜಿನ ಮುಂದೆ ಸೊಸೆ ನಿಂತಿದ್ದಳು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಬಿಗಿದು, ಅವನು ಆ ದಿನ ಮಡಚಿದ್ದನ್ನೆಲ್ಲ ಬಿಚ್ಚಿ, ಒಂದೊಂದನ್ನೇ ಮುಟ್ಟಿ ನೋಡಿ, ಹಸಿ ಉಳಿದವಕ್ಕೆ ಮತ್ತೆ ಇಸ್ತ್ರಿ ಹಾಕುತ್ತಿದ್ದಳು.

"ಏನಮ್ಮಾ ಇದು?"

ಅವಳು ಬೆಚ್ಚಿಬಿದ್ದಳು. "ಏನಿಲ್ಲ ಮಾವ. ಸ್ವಲ್ಪ ಉಳಿದಿತ್ತು."

"ಎಷ್ಟು ದಿನದಿಂದ ಉಳೀತಿದೆ?"

"ಯಾವಾಗಾದರೊಮ್ಮೆ."

"ಯಾವಾಗಾದರೊಮ್ಮೆ ಅಲ್ಲ, ದಿನಾ," ಎಂದ ಬಾಯ್ಲರಿನವನು ಲೋಟದೊಳಗಿನಿಂದಲೇ. "ಅವತ್ತೊಂದಿನ ಮಾತ್ರ ಮಗೂನ ಸ್ಕೂಲಲ್ಲಿ ಮೀಟಿಂಗಿತ್ತು ಅಂತ ಬೇಗ ಹೋದ್ರು. ಅವತ್ತಿನದೇ ವಾಸನೆ ಬಂದಿದ್ದು."

ಗೆರೆಯಣ್ಣ ಸ್ಟೂಲೊಂದನ್ನು ಎಳೆದು ಕೂತ. "ನನ್ನನ್ನ ಬೈಯೋಕಾಗ್ತಿರಲಿಲ್ವಾ ನಿಂಗೆ?"

"ಇಲ್ಲಿ ಬೈದು, ಮನೆಗೆ ಬಂದು ಅನ್ನ ಬಡಿಸೋದು ಹೇಗೆ ಮಾವ?" ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಬೈಬೇಕಿತ್ತೇನೋ. ಎರಡು ಸಲ ನಿಮ್ಮ ಮೇಜಿನ ತನಕ ಬಂದು ವಾಪಸು ಹೋದೆ. ನಿಮ್ಮ ಕೋಪ ಇಳಿಯೋ ತನಕ ನೋಡೋಣ ಅಂದ್ಕೊಂಡೆ. ಆದ್ರೆ ಅಲ್ಲಿ ಮಕ್ಕಳು ಹುಟ್ತಾನೇ ಇರ್ತಾವಲ್ಲ. ನಮ್ಮ ಜಗಳ ಮುಗೀಲಿ ಅಂತ ಅವು ಕಾಯೋದಿಲ್ಲ."

ಅವನ ಕಣ್ಣು ಅವಳು ಮಡಚಿಟ್ಟ ಬಟ್ಟೆಗಳ ಮೇಲಿತ್ತು.

"ಗೆರೆ ಸೊಟ್ಟಗಿದೆ," ಎಂದ.

"ಗೊತ್ತು ಮಾವ. ಆರು ವರ್ಷದಿಂದ ನಿಮ್ಮನ್ನ ನೋಡ್ತಾನೇ ಇದೀನಿ. ಕೈಗೆ ಬಂದಿಲ್ಲ."

"ಮಧ್ಯದಿಂದ ಶುರು ಮಾಡಿದ್ರೆ ಎಲ್ಲಿಂದ ಬರುತ್ತೆ? ಅಂಚಿಗೆ ಅಂಚು ಸೇರಿಸು ಮೊದಲು. ಹಾಗಲ್ಲ, ಕೊಡಿಲ್ಲಿ." ಎದ್ದು ಬಂದ. ಬಟ್ಟೆಯನ್ನು ಅಂಗೈ ಹಿಂಬದಿಯಿಂದ ಮುಟ್ಟಿದ. ಹಸಿಯಿತ್ತು. ಅದನ್ನು ಒಣಗಿಸುವ ಯಂತ್ರಕ್ಕೆ ಹೊತ್ತುಕೊಂಡು ಹೋದ.

ಮರುದಿನ ಬೆಳಿಗ್ಗೆ ಅವನು ಹೋಗಿ ನಿಂತದ್ದು ಆಡಳಿತಾಧಿಕಾರಿಗಳ ಕೋಣೆಯಲ್ಲಿ.

"ಸಾರ್, ಆ ಕಟ್ಟು ನಂದು. ಮೆಮೋ ನನ್ನ ಹೆಸರಿಗೆ ಬರೀಬೇಕು."

ಅವರು ಕನ್ನಡಕದ ಮೇಲಿಂದ ನೋಡಿದರು. "ಗೆರೆಯಣ್ಣ, ಇನ್ನು ಎಂಟು ತಿಂಗಳಿಗೆ ನಿಮಗೆ ನಿವೃತ್ತಿ. ಒಂದೂ ಕಪ್ಪು ಚುಕ್ಕೆ ಇಲ್ಲದೆ ಮೂವತ್ತು ವರ್ಷ ಮುಗಿಸಿದವರಿಗೆ ಗೌರವಪತ್ರ ಕೊಡ್ತಾರೆ. ನಿಮ್ಮ ಹೆಸರು ಕಳಿಸಿ ಆಗಿದೆ. ಇದನ್ನ ಬರೆದ್ರೆ ಅದು ಹೋಯ್ತು."

ಆ ಗೌರವಪತ್ರದ ಕನಸನ್ನು ಅವನಿಗಿಂತ ಹೆಚ್ಚು ಕಂಡವಳು ಮನೆಯಲ್ಲಿದ್ದಳು.

"ಹೋಗಲಿ ಸಾರ್."

"ಕೈತಪ್ಪಿ ಆಗಿದ್ದು ಅಂತ ಬಾಯಲ್ಲೇ ಹೇಳಿ ಮುಗಿಸಿಬಿಡಬಹುದು."

"ಕೈತಪ್ಪಿ ಅಲ್ಲ ಸಾರ್. ಹಸಿ ಇದೆ ಅಂತ ನನ್ನ ಕೈಗೆ ಗೊತ್ತಾಗಿತ್ತು. ಗೊತ್ತಾಗಿ ಮಡಚಿದ್ದು. ಯಾರ ಮೇಲಿನ ಸಿಟ್ಟನ್ನೋ ಯಾರ ಮಗುವಿನ ಹಾಸಿಗೆ ಮೇಲೋ ಹಾಕಿಬಿಟ್ಟೆ."

ಅವರು ಪೆನ್ನು ತೆಗೆದುಕೊಂಡರು.

ಅಲ್ಲಿಂದ ಇಳಿದು ಬಂದವನು ಇದನ್ನೇ ಎಲ್ಲರ ಎದುರು ಇನ್ನೊಮ್ಮೆ ಹೇಳಿದ. ಯಂತ್ರಗಳ ಸದ್ದಿನಲ್ಲಿ ಹಿಂದಿನವರಿಗೆ ಕೇಳಿಸಲಿಲ್ಲ ಎಂದು ಮತ್ತೊಮ್ಮೆ ಕೂಗಿ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಗುಂಡಿ ಅಕ್ಕ ಹಚ್ಚಿ ಮುಗಿಸಿದ ಅಂಗಿಗಳ ಬುಟ್ಟಿಯನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡು ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದಳು.

ಸೊಸೆ ಮಾತ್ರ ಸಂಜೆ ಮನೆಯಲ್ಲಿ ಜಗಳಕ್ಕೇ ನಿಂತಳು. "ನಾನು ಹೊತ್ತಾಗಿತ್ತಲ್ಲ ಮಾವ. ನಿಮಗ್ಯಾಕೆ ಬೇಕಿತ್ತು?"

"ನೀನು ಹೊರೋಕೆ ಬೇರೆ ಬೇಕಾದಷ್ಟಿದೆ. ಇದು ನನ್ನ ಗಂಟು ಕಣಮ್ಮ."

"ಯಾವ ಗಂಟು? ಏನಾಯ್ತು?" ಎಂದು ಹೆಂಡತಿ ಒಳಗಿನಿಂದ ಬಂದಳು. ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟಳು. "ಗೌರವಪತ್ರ ಹೋಯ್ತಾ? ನಾನು ಗಾಜಿನ ಫ್ರೇಮು ತಂದಿಟ್ಟಿದೀನಲ್ರೀ! ಗೋಡೆಗೆ ಮೊಳೆನೂ ಹೊಡೆಸಿಯಾಗಿದೆ! ಈಗ ಅದಕ್ಕೇನು ಹಾಕಲಿ?"

"ಮೆಮೋ ಹಾಕಮ್ಮ," ಎಂದ ಮಗ. "ಅದರಲ್ಲೂ ಸರ್ಕಾರಿ ಸೀಲಿದೆ."

ಮೊದಲು ನಕ್ಕವಳು ಹೆಂಡತಿಯೇ. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು, "ಮೂವತ್ತೊಂದು ವರ್ಷಕ್ಕೆ ಒಂದು ತಪ್ಪು ಮಾಡಿದ್ರಿ, ಅದನ್ನೂ ಮುಚ್ಚಿಡೋಕೆ ಬರಲಿಲ್ಲ ನಿಮಗೆ" ಎಂದಳು. ಬೈದಳೋ ಹೊಗಳಿದಳೋ ಯಾರಿಗೂ ತಿಳಿಯಲಿಲ್ಲ. ಆದರೆ ಊಟಕ್ಕೆ ಅವನ ತಟ್ಟೆಯಲ್ಲಿ ಒಂದರ ಬದಲು ಎರಡು ಮೊಟ್ಟೆಯಿದ್ದವು.

ಊಟ ಮುಗಿದ ಮೇಲೆ ಅವನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ತೊಟ್ಟಿಯ ಕಡೆ ನಡೆದ.

"ಅಪ್ಪಾ, ಬಿಡಿ, ನಾನು ತೊಳೀತೀನಿ," ಎಂದ ಮಗ.

"ನೀನು ತೊಳೆದ ತಟ್ಟೆ ನೋಡಿದೀನಿ. ನಿನ್ನೆ ಊಟದ ಪಟ್ಟಿ ಅದರ ಮೇಲೇ ಓದಬಹುದು. ಒರೆಸೋ ಬಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲು."

ಮುಂದಿನ ವಾರಗಳಲ್ಲಿ ಸೊಸೆಯೂ ಒಂದು ಬದಲಾವಣೆ ಮಾಡಿಕೊಂಡಳು. ಹೇಳಬೇಕಾದ್ದನ್ನು ನುಂಗಿ ತಾನೇ ಹಿಂದಿನಿಂದ ಮಾಡಿ ಮುಗಿಸುವುದನ್ನು ಬಿಟ್ಟು, ಮೇಜಿನ ಹತ್ತಿರ ಬಂದು ನಿಂತು ಹೇಳತೊಡಗಿದಳು. "ಮಾವ, ಈ ಕಟ್ಟು ಇನ್ನೂ ಐದು ನಿಮಿಷ ಒಣಗಬೇಕು."

"ಆಗಲಿ ಮೇಡಂ," ಎನ್ನುತ್ತಿದ್ದ ಅವನು. ಅದೇ ಮಾತು, ಈಗ ಕೇಳಿದವರಿಗೆ ಹಾಯೆನಿಸುತ್ತಿತ್ತು. ದಿನಕ್ಕೆ ಹತ್ತು ನಿಮಿಷ ಅವಳು ಅವನ ಮೇಜಿನಲ್ಲಿ ಮಡಚುವುದನ್ನು ಕಲಿಯುತ್ತಿದ್ದಳು. ಮೇಲಧಿಕಾರಿ ಎಲ್ಲರೆದುರು ಇಸ್ತ್ರಿ ಪೆಟ್ಟಿಗೆ ಹಿಡಿದು ಬೈಸಿಕೊಳ್ಳುವುದನ್ನು ನೋಡಿ ಹೊಸಬರೂ ನಾಚಿಕೆ ಬಿಟ್ಟು ಕಲಿಯಲು ಬಂದರು. ಅವಳ ಗೆರೆ ಪೂರ್ತಿ ನೇರವಾಗಲಿಲ್ಲ. "ಹೊಳೆ ಹರಿದ ಹಾಗಿದೆ," ಎನ್ನುತ್ತಿದ್ದ. "ಹೊಳೆನೂ ಕೊನೆಗೆ ಕಡಲು ಮುಟ್ಟುತ್ತೆ ಮಾವ," ಎನ್ನುತ್ತಿದ್ದಳು.

ಹಸುಗೂಸುಗಳ ವಾರ್ಡಿನ ಬಟ್ಟೆಯನ್ನು ಅವನು ಕೇಳಿ ತನ್ನ ಮೇಜಿಗೇ ಹಾಕಿಸಿಕೊಂಡ. ಅದು ಬೆಳಗಿನ ಮೊದಲ ಗಾಡಿಗೆ ಹೋಗಬೇಕಾದದ್ದು. ಹಾಗಾಗಿ ಅವನೂ ಸೊಸೆಯ ಜೊತೆ ಐದೂವರೆಗೇ ಮನೆ ಬಿಡಬೇಕಾಯಿತು. ಮೊದಲ ದಿನ ಇಬ್ಬರೂ ಮಾತಾಡಿಕೊಳ್ಳುತ್ತಾ ನಡೆದು ಬಂದರು. ಪುಟ್ಟಿಯ ಹಲ್ಲು ಅಲ್ಲಾಡುತ್ತಿದೆ, ಅವಳಪ್ಪ ಕೊನೆಗೂ ಉಪ್ಪು ಸಕ್ಕರೆಗೆ ಚೀಟಿ ಅಂಟಿಸಿದ್ದಾನೆ, ಚೀಟಿಗಳೇ ಅದಲುಬದಲಾಗಿವೆ.

ಆಸ್ಪತ್ರೆಯ ಹಿಂಬಾಗಿಲಲ್ಲಿ ಹಾಜರಿ ಪುಸ್ತಕ ತೆರೆದಿತ್ತು. ಹೊಸ ಹಾಳೆ. ಗೆರೆಯಣ್ಣ ಪೆನ್ನು ತೆಗೆದು ಸೊಸೆಯ ಮುಂದೆ ಹಿಡಿದ.

"ಹಾಕಮ್ಮ. ಮೇಡಮ್ಮಂದು ಮೊದಲು."

"ದೊಡ್ಡವರು ನೀವು ಮಾವ. ನೀವು ಹಾಕಿ."

"ಕೆಲಸದ ಜಾಗ ಇದು. ನೀನು ಹಾಕು."

"ನಾನು ಮೇಲಧಿಕಾರಿ ತಾನೇ? ನನ್ನ ಮಾತು ಕೇಳಿ. ನೀವು ಮೊದಲು."

ಅವನು ಅವಳ ಕಡೆ ಪೆನ್ನು ತಳ್ಳಿದ, ಅವಳು ಅವನ ಕಡೆ ತಳ್ಳಿದಳು. ಒಬ್ಬೊಬ್ಬರಾಗಿ ಉಳಿದವರೂ ಬಂದು ಹಿಂದೆ ಸಾಲು ಬೆಳೆಯತೊಡಗಿತು. "ಯಾರಾದ್ರೂ ಒಬ್ರು ಹಾಕ್ರೀ, ಕೈಲಿರೋ ಚಹಾ ಆರ್ತಿದೆ!" ಎಂದು ಗುಂಡಿ ಅಕ್ಕ ಕೂಗಿದಳು. ಅಷ್ಟರಲ್ಲಿ ಬಾಯ್ಲರಿನವನು ತನ್ನ ದಢೂತಿ ಮೈಯನ್ನು ಇಬ್ಬರ ನಡುವೆ ತೂರಿಸಿ, ಪೆನ್ನು ಕಿತ್ತುಕೊಂಡು, ಹಾಳೆಯ ಮೇಲ್ತುದಿಯಲ್ಲೇ ತನ್ನ ಹೆಬ್ಬೆರಳಷ್ಟು ದಪ್ಪನೆಯ ಸಹಿ ಹಾಕಿ ಒಳಗೆ ನಡೆದುಬಿಟ್ಟ.

ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಗು ಮುಗಿಯುವಷ್ಟರಲ್ಲಿ ಇನ್ನೂ ಮೂವರು ಸಹಿ ಹಾಕಿ ಒಳಗೆ ಹೋಗಿದ್ದರು.